ಎರಡನೇ ಕುರ್ಚಿಯ ಕೆಲಸ

ಕ್ರಿಸ್ ಡೇಲಿ 1985ರಲ್ಲಿ ಮುಖ್ಯ ಕೋಚ್ ಜೀನೋ ಆರಿಯೆಮ್ಮ ಜೊತೆ ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯಕ್ಕೆ ಸಹಾಯಕ ಕೋಚ್ ಆಗಿ ಬಂದವರು. 2025ರವರೆಗೆ ಅಲ್ಲಿನ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡ ಗೆದ್ದ 12 ರಾಷ್ಟ್ರೀಯ ಪ್ರಶಸ್ತಿಗಳಿಗೂ ಅವರು ಅದೇ ಬೆಂಚಿನಲ್ಲಿದ್ದರು, ಮುಖ್ಯ ಕೋಚ್ ಆಗದೆ. ಜ್ಯಾನ್ ಜೆನ್ಸನ್ ಅಯೋವಾ ವಿಶ್ವವಿದ್ಯಾಲಯದಲ್ಲಿ ಮುಖ್ಯ ಕೋಚ್ ಲೀಸಾ ಬ್ಲೂಡರ್ ಕೈಕೆಳಗೆ 24 ವರ್ಷ ಕಳೆದು, 2024ರಲ್ಲಿ ಬ್ಲೂಡರ್ ನಿವೃತ್ತರಾದಾಗ ಆ ಜಾಗಕ್ಕೆ ಬಂದರು. ಸಹಾಯಕ ಕೋಚ್ ಹುದ್ದೆಯನ್ನು ಬರೀ ಮೆಟ್ಟಿಲು ಎಂದುಕೊಂಡು ಬರುವವರು ಈ ಇಬ್ಬರ ದಾರಿಯನ್ನು ನೋಡಬೇಕು.

ಒಳಗೆ ಬರುವ ಬಾಗಿಲು ಚಿಕ್ಕದು. ವಿದ್ಯಾರ್ಥಿ ಮ್ಯಾನೇಜರ್, ಸ್ನಾತಕೋತ್ತರ ಓದುತ್ತಲೇ ದುಡಿಯುವ ಗ್ರಾಜುಯೇಟ್ ಅಸಿಸ್ಟೆಂಟ್, ವಿಡಿಯೊ ಸಂಯೋಜಕಿ: ಹೆಚ್ಚಿನವರು ಶುರು ಮಾಡುವುದು ಇಲ್ಲಿಂದ. ಮುಂದೆ ಕೆಲಸ ಕೊಡಿಸುವುದು ಬಹುಮಟ್ಟಿಗೆ ರಿಕ್ರೂಟಿಂಗ್, ಅಂದರೆ ಹೈಸ್ಕೂಲಿನ ಒಳ್ಳೆಯ ಆಟಗಾರ್ತಿಯರನ್ನು ತಂಡಕ್ಕೆ ಕರೆತರುವ ಶಕ್ತಿ. ಮುಖ್ಯ ಕೋಚ್ ಹೋದರೆ ಸಾಮಾನ್ಯವಾಗಿ ಸಿಬ್ಬಂದಿಯೂ ಹೋಗುತ್ತದೆ, ಆದ್ದರಿಂದ ಸಂಬಳ ನೋಡುವ ಮುಂಚೆ ಯಾರ ಕೈಕೆಳಗೆ ಎಂಬುದನ್ನು ನೋಡಿ.

ಆದರೆ ಕೆಲಸದ ತಿರುಳು ಸ್ಕೌಟ್, ಅಂದರೆ ಎದುರಾಳಿ ತಂಡದ ಆಟವನ್ನು ಮುಂಚೆಯೇ ಅಭ್ಯಸಿಸಿ ಬರೆದುಕೊಡುವುದು. ಸೀಸನ್ನಿನ ಸುಮಾರು 30 ಪಂದ್ಯಗಳ ಎದುರಾಳಿಗಳನ್ನು ಸಹಾಯಕರು ಹಂಚಿಕೊಳ್ಳುತ್ತಾರೆ. ನಿಮ್ಮ ಪಾಲಿನ ತಂಡದ ನಾಲ್ಕೈದು ಪಂದ್ಯಗಳನ್ನು ಪೂರ್ತಿ ನೋಡಬೇಕು. ತೀರಾ ಇತ್ತೀಚಿನವೇ ಆಗಬೇಕೆಂದಿಲ್ಲ, ನಿಮ್ಮಂತೆ ಡಿಫೆನ್ಸ್ ಆಡುವ ತಂಡಗಳ ಎದುರು ಅವರು ಆಡಿದ ಪಂದ್ಯಗಳಾದರೆ ಹೆಚ್ಚು ಉಪಯೋಗ. ಅವರ ಹತ್ತಾರು ಪ್ಲೇಗಳಲ್ಲಿ (ಮೊದಲೇ ಹೆಣೆದ ಆಟದ ನಡೆಗಳಲ್ಲಿ) ಐದಾರನ್ನು ಮಾತ್ರ ಉಳಿಸಿ. ಬೇಸ್‌ಲೈನ್ ಇನ್‌ಬೌಂಡ್ (ರಿಂಗಿನ ಹಿಂದಿನ ಗೆರೆಯಾಚೆಯಿಂದ ಚೆಂಡನ್ನು ಒಳಗೆ ಹಾಕುವುದು) ಮತ್ತು ಟೈಮ್‌ಔಟ್ ಆದ ತಕ್ಷಣದ ಪ್ಲೇಗಳನ್ನು ಬೇರೆಯಾಗಿ ಬರೆದುಕೊಳ್ಳಿ, ಕೊನೆಯ ನಿಮಿಷದಲ್ಲಿ ಬೇಕಾಗುವುದು ಅವೇ. ಪ್ರತಿ ಆಟಗಾರ್ತಿಗೆ ಒಂದೇ ಸಾಲು: ಯಾವ ಕಡೆಗೆ ಡ್ರೈವ್ ಮಾಡುತ್ತಾಳೆ (ಚೆಂಡಿನೊಂದಿಗೆ ರಿಂಗಿನತ್ತ ನುಗ್ಗುತ್ತಾಳೆ), ಹೊರಗಿಂದ ಎಸೆಯುತ್ತಾಳೋ ಇಲ್ಲವೋ, ಅವಳನ್ನು ಬಿಟ್ಟು ಇನ್ನೊಬ್ಬರ ನೆರವಿಗೆ ಹೋಗಬಹುದೇ.

ಇಲ್ಲಿ ಅಂಕಿಗಳು ಮೋಸ ಮಾಡುತ್ತವೆ. 20 ಎಸೆತದಲ್ಲಿ 8 ಹಾಕಿದವಳೂ 200ರಲ್ಲಿ 80 ಹಾಕಿದವಳೂ ಶೇ 40ರ ಶೂಟರ್‌ಗಳೇ. ಮೊದಲನೆಯವಳ ಹಿಂದೆ ನಿಮ್ಮ ಅತ್ಯುತ್ತಮ ಡಿಫೆಂಡರನ್ನು ಓಡಿಸಿದರೆ ರಿಂಗಿನ ಕೆಳಗೆ ಜಾಗ ಖಾಲಿಯಾಗುತ್ತದೆ. ಇನ್ನೊಂದು ತಪ್ಪು ಹೆಸರಿನದು: ಎದುರಾಳಿ ಮುಷ್ಟಿ ತೋರಿಸಿ ಕರೆಯುವ ಪ್ಲೇಗೂ ನಿಮ್ಮದೇ ಪ್ಲೇಗೂ ಒಂದೇ ಸನ್ನೆಯಿದ್ದರೆ ಹುಡುಗಿಯರು ಅರ್ಧ ಸೆಕೆಂಡ್ ತಡವರಿಸುತ್ತಾರೆ. ಆ ವಾರಕ್ಕೆ ನಿಮ್ಮದನ್ನು ಬದಲಿಸಿ.

ತಂಡಕ್ಕೆ ತೋರಿಸುವ ವಿಡಿಯೊ 10–12 ನಿಮಿಷ ದಾಟಬಾರದು. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ನಿಯಮದಂತೆ ಸೀಸನ್ನಿನಲ್ಲಿ ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆ ಮಿತಿ, ವಾರಕ್ಕೊಂದು ದಿನ ರಜೆ. ವಿಡಿಯೊ ನೋಡುವುದೂ ಆ 20ರೊಳಗೇ ಸೇರುವುದರಿಂದ ಉದ್ದದ ವಿಡಿಯೊ ಅಂಕಣದ ಸಮಯವನ್ನು ತಿನ್ನುತ್ತದೆ. ನೋಡಿದ್ದನ್ನು ಅಂಕಣದಲ್ಲಿ ನಡೆಸಿ ತೋರಿಸಲು ಎದುರಾಳಿಯ ವೇಷ ಹಾಕುವವರು ಎಷ್ಟೋ ಕಡೆ ಅದೇ ಕಾಲೇಜಿನ ಹುಡುಗರ ಅಭ್ಯಾಸ ತಂಡ. ಅವರಿಗೆ ಪ್ಲೇಗಳನ್ನು ಕಲಿಸುವುದೂ ನಿಮ್ಮದೇ ಕೆಲಸ, ಅದನ್ನು ಹಗುರವಾಗಿ ತೆಗೆದುಕೊಂಡರೆ ಇಡೀ ತಯಾರಿ ಸಡಿಲವಾಗುತ್ತದೆ.

ಪಂದ್ಯದ ದಿನ ಒಬ್ಬರು ಫೌಲ್ ಲೆಕ್ಕ ಹಿಡಿಯಲೇಬೇಕು. 2015–16ರಿಂದ ಮಹಿಳೆಯರ ಆಟ 10 ನಿಮಿಷದ ನಾಲ್ಕು ಕ್ವಾರ್ಟರ್. ಪ್ರತಿ ಕ್ವಾರ್ಟರಿಗೂ ತಂಡದ ಫೌಲ್ ಸೊನ್ನೆಯಿಂದ ಶುರು, ಐದನೆಯದಕ್ಕೆ ಎದುರಾಳಿಗೆ ಎರಡು ಫ್ರೀ ಥ್ರೋ (ಯಾರೂ ತಡೆಯದ ಎಸೆತ). ಕ್ವಾರ್ಟರ್ ಮುಗಿಯಲು ಆರು ಸೆಕೆಂಡಿದ್ದು ನಿಮ್ಮದು ಬರೀ ಎರಡು ಫೌಲ್ ಆಗಿದ್ದರೆ, ಶಾಟ್‌ಗೆ ಮುಂಚೆಯೇ ಫೌಲ್ ಮಾಡಿ ಅವರ ಪ್ಲೇ ಕೆಡಿಸಬಹುದು. ಇದನ್ನು ಮುಖ್ಯ ಕೋಚ್ ಕೇಳುವ ಮುಂಚೆ ನೀವೇ ಹೇಳಬೇಕು.

ಪಂದ್ಯ ಮುಗಿದ ಮರುದಿನವೇ ಸ್ಕೌಟ್ ಹಾಳೆಯನ್ನು ವಿಡಿಯೊ ಪಕ್ಕ ಇಟ್ಟು, ತಪ್ಪಿದ ಸಾಲುಗಳನ್ನು ಕೆಂಪಿನಲ್ಲಿ ತಿದ್ದಿಡಿ. ನಿಮ್ಮದೇ ಕಾನ್ಫರೆನ್ಸಿನ (ಒಂದೇ ಗುಂಪಿನಲ್ಲಿ ಆಡುವ ಕಾಲೇಜುಗಳ ಕೂಟದ) ತಂಡವಾದರೆ ಫೆಬ್ರವರಿಯಲ್ಲಿ ಮತ್ತೆ ಎದುರಾಗಬಹುದು.