ಹೊರಮಾವು ಕಡೆಯ ಮನೆ: ಟೋಕನ್ ಕೊಡೋಕೆ ಮುಂಚಿನ ತಪಾಸಣೆ, ಇಲ್ಲಿವರೆಗೆ

ಕೊಳ್ಳೋಣ ಅಂತ ನೋಡುತ್ತಿರುವ ಮನೆ ಬೆಂಗಳೂರಿನ ಹೊರಮಾವು ಕಡೆ. 30×40 ಸೈಟು, ಗ್ರೌಂಡ್ ಮೇಲೆ ಮೂರು ಮಹಡಿ, ಮೇಲಿನ ಎರಡರಲ್ಲಿ ಬಾಡಿಗೆಯವರಿದ್ದಾರೆ. ಕಾಗದಗಳನ್ನು ಲಾಯರ್ ಒಂದು ಸುತ್ತು ನೋಡಿ "ಟೈಟಲ್ ಪರವಾಗಿಲ್ಲ" ಅಂದರು. ಬ್ಯಾಂಕಿನವರೂ ಸಾಲ ಆಗುತ್ತೆ ಅಂದಿದ್ದಾರೆ. ಅಷ್ಟು ಕೇಳಿದ್ದೇ ತಡ, ಭಾವ "ಇನ್ನೇನು ನೋಡ್ತೀಯ, ಟೋಕನ್ ಕೊಟ್ಟುಬಿಡು, ಆಮೇಲೆ ಬೇರೆಯವರು ಹೊಡ್ಕೊಂಡು ಹೋಗ್ತಾರೆ" ಅಂತ ಶುರು ಹಚ್ಚಿಕೊಂಡಿದ್ದಾರೆ.

ಲಾಯರ್ ನೋಡೋದು ಮಾರುವವರಿಗೆ ಮಾರುವ ಹಕ್ಕಿದೆಯಾ ಅಂತ. ಬ್ಯಾಂಕ್ ನೋಡೋದು ತನ್ನ ದುಡ್ಡು ವಾಪಸ್ ಬರುತ್ತಾ ಅಂತ. ಆ ಜಾಗದಲ್ಲಿ ಮನೆ ಕಟ್ಟೋಕೆ ಅವಕಾಶ ಇತ್ತಾ, ಕಟ್ಟಿದ್ದರಲ್ಲಿ ಎಷ್ಟು ನಿಯಮದ ಒಳಗಿದೆ, ಜೋರು ಮಳೆ ಬಂದರೆ ನೀರು ಯಾವ ಕಡೆ ಓಡುತ್ತೆ, ಇದನ್ನು ಕೊಳ್ಳುವವರೇ ನೋಡಿಕೊಳ್ಳಬೇಕು. ಸದ್ಯಕ್ಕೆ ಅದೇ ನನ್ನ ವಾರಾಂತ್ಯದ ಕೆಲಸ.

ಹಳ್ಳದ ಗೆರೆ

ಮೊದಲು ಮನೆ ಮುಂದೆ ನಿಂತು ದಿಶಾಂಕ್ ಆ್ಯಪ್ ತೆರೆದೆ. ನಾವು ನಿಂತ ಜಾಗ ಯಾವ ಹಳ್ಳಿ, ಯಾವ ಸರ್ವೆ ನಂಬರ್ ಅಂತ ಅದು ತೋರಿಸುತ್ತೆ. ಕ್ರಯಪತ್ರದಲ್ಲಿರುವ ನಂಬರೇ ಬಂತು, ಸದ್ಯ. ಆಮೇಲೆ ಕಂದಾಯ ಇಲಾಖೆಯ ತಾಣದಿಂದ ಗ್ರಾಮ ನಕ್ಷೆ ಇಳಿಸಿಕೊಂಡೆ. ನಿಜವಾದ ಕೆಲಸ ಶುರುವಾಗಿದ್ದು ಅಲ್ಲಿಂದ. ನಮ್ಮ ಸರ್ವೆ ನಂಬರಿನ ಪಕ್ಕದಲ್ಲೇ ಒಂದು ಹಳ್ಳ ಬಳುಕಿಕೊಂಡು ಹೋಗಿದೆ. ಈಗ ಅಲ್ಲಿ ಹೋದರೆ ಕಾಣೋದು ಕಾಂಕ್ರೀಟ್ ಗೋಡೆಯ ಮೋರಿ, ಅದೂ ಲೇಔಟಿನ ರಸ್ತೆಗೆ ಸರಿಯಾಗಿ ನೆಟ್ಟಗಿದೆ. ಅಂದರೆ ಯಾವಾಗಲೋ ಯಾರೋ ಹಳ್ಳವನ್ನು ತಿರುಗಿಸಿದ್ದಾರೆ. ಬ್ರೋಕರನ್ನು ಕೇಳಿದರೆ "ಅದು ಬರೀ ಮೋರಿ ಸಾರ್" ಅಂತಾರೆ. ನಕ್ಷೆ ಹಾಗನ್ನಲ್ಲ.

ಇದು ಯಾಕೆ ತಲೆಬಿಸಿ ಅಂದರೆ, ಬಿಡಿಎಯ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ) 2015ರ ಮಾಸ್ಟರ್ ಪ್ಲಾನಿನಲ್ಲಿ (ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2007ರಲ್ಲಿ, 2031ರ ಕರಡು 2017ರಲ್ಲಿ ಬಂತು, ಜಾರಿಗೆ ಬರಲೇ ಇಲ್ಲ) ರಾಜಕಾಲುವೆಯ, ಅಂದರೆ ಮಳೆನೀರು ಹರಿಯುವ ಇಂಥ ಹಳ್ಳ-ಕಾಲುವೆಗಳ, ಎರಡೂ ಬದಿ ಜಾಗ ಬಿಡಬೇಕು. ಪ್ರೈಮರಿ (ದೊಡ್ಡದು) ಆದರೆ 50 ಮೀಟರ್, ಸೆಕೆಂಡರಿಗೆ (ಮಧ್ಯಮ) 25, ಟರ್ಷಿಯರಿಗೆ (ಚಿಕ್ಕದು) 15. ಕೆರೆಯಾದರೆ 30. 2016ರಲ್ಲಿ ಹಸಿರು ನ್ಯಾಯಮಂಡಳಿ ಇದನ್ನು ಏರಿಸಿ ಕೆರೆಗೆ 75, ಕಾಲುವೆಗಳಿಗೆ 50, 35, 25 ಮಾಡಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಈ ಮಧ್ಯೆ ಕಟ್ಟಿದವರ ಪಾಡು ಯೋಚನೆ ಮಾಡಿ.

ನಮ್ಮ ಮನೆಗೂ ನಕ್ಷೆಯ ಹಳ್ಳಕ್ಕೂ ನಾನು ಅಳೆದ ಹಾಗೆ 30 ಮೀಟರ್ ಚಿಲ್ಲರೆ. ಸೆಕೆಂಡರಿ ಆದರೆ ಬಚಾವ್. ಪ್ರೈಮರಿ ಆದರೆ ಮನೆ ಪೂರ್ತಿ ಒಳಗೆ. ಇನ್ನೊಂದು ತಾಪತ್ರಯ ಇದೆ. ಈ ಗ್ರಾಮ ನಕ್ಷೆಯ ಅಳತೆ 1:7920, ಅಂದರೆ ಕಾಗದದ ಮೇಲೆ ಒಂದು ಮಿಲಿಮೀಟರ್ ಅಂದರೆ ನೆಲದ ಮೇಲೆ ಸುಮಾರು 8 ಮೀಟರ್. ಪೆನ್ನಿನ ಗೆರೆಯ ದಪ್ಪದಲ್ಲೇ ಒಂದು ಕಾರ್ ಪಾರ್ಕಿಂಗ್ ಮುಚ್ಚಿಹೋಗುತ್ತೆ! ಅದರ ಮೇಲೆ ಮೊಬೈಲ್ ಜಿಪಿಎಸ್ಸಿನ ಹೊಯ್ದಾಟ ಬೇರೆ. ಹಾಗಾಗಿ ನನ್ನ 30 ಮೀಟರನ್ನು ನಾನೇ ನಂಬುತ್ತಿಲ್ಲ.

"ಖಾತಾ ಇದೆ, ಸಾಲ ಆಗುತ್ತೆ, ಏನೂ ಆಗಲ್ಲ" ಅನ್ನುವವರು 2016ರ ಆಗಸ್ಟ್ ನೆನಪು ಮಾಡಿಕೊಳ್ಳಬೇಕು. ಬನ್ನೇರುಘಟ್ಟ ರಸ್ತೆ ಹತ್ತಿರದ ಅವನಿ ಶೃಂಗೇರಿನಗರದಲ್ಲಿ ಆಗಿನ ಪಾಲಿಕೆ ಬಿಬಿಎಂಪಿಯವರು ಹಳೆ ಗ್ರಾಮ ನಕ್ಷೆ ಹಿಡಿದುಕೊಂಡು ಬಂದು, ರಾಜಕಾಲುವೆ ಒತ್ತುವರಿ ಅಂತ ಮನೆ ಒಡೆದರು. ಅಲ್ಲಿದ್ದವರ ಹತ್ತಿರ ಖಾತೆಯೂ ಇತ್ತು, ತೆರಿಗೆ ರಸೀದಿಯೂ ಇತ್ತು, ಬ್ಯಾಂಕ್ ಸಾಲವೂ ಇತ್ತು.

ಮನೆ ಏನು ಹೇಳುತ್ತೆ

ಮುಂದಿನ ಸಲ ಅಮ್ಮನನ್ನೂ ಕರಕೊಂಡು ಹೋದೆ. ನಾನು ಫೋನ್ ಹಿಡಕೊಂಡು ಓಡಾಡುತ್ತಿದ್ದರೆ ಅಮ್ಮ ಗೇಟಿನ ಹತ್ತಿರವೇ ನಿಂತು, "ಏನೋ ಇದು, ಸಂಪಿನ ಬಾಯಿ ಯಾಕೆ ಇಷ್ಟು ಎತ್ತರಕ್ಕೆ ಕಟ್ಟಿಸಿದಾರೆ?" ಅಂದರು. ನೋಡಿದೆ. ಸಂಪಿನ ಬಾಯಿ ಸುತ್ತ ಇಟ್ಟಿಗೆ ಇಟ್ಟು ನೆಲದಿಂದ ಒಂದಡಿ ಮೇಲೆ ತಂದಿದ್ದಾರೆ. ಇಟ್ಟಿಗೆ ಹೊಸದು, ಗಾರೆ ಇನ್ನೂ ಬೆಳ್ಳಗಿದೆ. ಒಂದು ಕಂಡಮೇಲೆ ಉಳಿದದ್ದೂ ಕಾಣೋಕೆ ಶುರುವಾಯಿತು. ನೀರಿನ ಮೋಟರು ಗೋಡೆಗೆ ಕಬ್ಬಿಣದ ಸ್ಟ್ಯಾಂಡ್ ಹೊಡೆದು ಸೊಂಟದೆತ್ತರಕ್ಕೆ ಕೂತಿದೆ. ಗ್ರೌಂಡ್ ಫ್ಲೋರಿನ ಹಾಲಿನಲ್ಲಿ ಗೋಡೆಗೆ ಮೂರಡಿವರೆಗೆ ಟೈಲ್ಸ್. ಹಾಲಿಗೆ ಯಾರಾದರೂ ಸುಮ್ನೆ ಟೈಲ್ಸ್ ಹಾಕಿಸ್ತಾರಾ? ಎದುರು ಮನೆಯ ಗೇಟಿನ ಕೆಳಗೆ ಅಡ್ಡಕ್ಕೆ ಗಾರೆ ದಿಂಡು, ಸ್ಕೂಟರ್ ಹತ್ತಿಸೋಕೆ ಹಲಗೆ ಇಟ್ಟುಕೊಂಡಿದ್ದಾರೆ.

ಮಾಲೀಕರು "ಒಂದು ಹನಿ ನೀರು ಬಂದಿಲ್ಲ" ಅಂತಲೇ ಹೇಳುತ್ತಿದ್ದಾರೆ. ಮೂಲೆಯ ಇಸ್ತ್ರಿ ಗಾಡಿಯವರನ್ನು ಕೇಳಿದೆ. "ಒಳಗೆ ಬರುತ್ತೋ ಇಲ್ವೋ ಗೊತ್ತಿಲ್ಲ ಸಾರ್. ಮಳೆಗಾಲದಲ್ಲಿ ನಾನು ಗಾಡೀನ ಮೇಲಿನ ಕ್ರಾಸಿಗೆ ತಳ್ಕೊಂಡು ಹೋಗ್ತೀನಿ." ಇದಕ್ಕಿಂತ ಒಳ್ಳೆ ವರದಿ ನನಗೆ ಬೇಕಿಲ್ಲ.

ಈ ಭಾಗದಲ್ಲಿ ಇದು ಹೊಸದೂ ಅಲ್ಲ. ಹೊರಮಾವು ಸಾಯಿ ಲೇಔಟಿನಲ್ಲಿ 2025ರ ಮೇ ತಿಂಗಳಲ್ಲಿ ಮನೆಗಳಿಗೆ ನೀರು ನುಗ್ಗಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೀರಿ. ಅಲ್ಲಿ ರಾಜಕಾಲುವೆ ರೈಲು ಹಳಿಯ ಕೆಳಗೆ ಹೋಗುವ ಕಿಂಡಿ ಆಗ ಚಿಕ್ಕದಿತ್ತು, ನೀರು ಹಿಂದಕ್ಕೆ ಒತ್ತಿತು. ಹಾಗಾಗಿ ಮನೆ ಪಕ್ಕದ ಮೋರಿ ಎಷ್ಟು ಅಗಲ ಅಂತ ನೋಡಿದರೆ ಸಾಲದು, ಅದು ಮುಂದೆ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ ಅಂತಲೂ ನೋಡಬೇಕು. ನಾನು ಮೋರಿ ಗುಂಟ ನಡೆದೆ. ಸ್ವಲ್ಪ ದೂರದಲ್ಲಿ ಒಂದು ಅಪಾರ್ಟ್‌ಮೆಂಟ್ ಕಾಂಪೌಂಡ್ ಅಡ್ಡ ಬಂತು, ಅಲ್ಲಿಂದಾಚೆಗೆ ಚಪ್ಪಡಿ ಮುಚ್ಚಿದ್ದಾರೆ, ಒಳಗೆ ಎಷ್ಟು ಜಾಗ ಇದೆಯೋ ಕಾಣಲ್ಲ.

ಮೇಲಿನ ಮಹಡಿಯ ಲೆಕ್ಕ

1200 ಚದರಡಿ ಸೈಟು. ಮಾಸ್ಟರ್ ಪ್ಲಾನಿನ ಪ್ರಕಾರ ಇಂಥ ಸಣ್ಣ ಸೈಟಿಗೆ ಎಫ್‌ಎಆರ್ (ಸೈಟಿನ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಲೆಕ್ಕ) 1.75, ಅಂದರೆ ಎಲ್ಲ ಮಹಡಿ ಸೇರಿ 2100 ಚದರಡಿ. ನೆಲದ ಮೇಲೆ ಮುಕ್ಕಾಲು ಭಾಗ, ಅಂದರೆ 900 ಚದರಡಿ, ಮುಚ್ಚಬಹುದು. ಟೇಪ್ ಹಿಡಿದು ನೋಡಿದರೆ ಒಂದೊಂದು ಮಹಡಿಯೂ ಸಾವಿರದ ಮೇಲಿದೆ. ನಾಲ್ಕು ಸೇರಿ 4000ಕ್ಕೂ ಜಾಸ್ತಿ. ಪಾರ್ಕಿಂಗ್ ಅಂತ ಬಿಟ್ಟಿದ್ದರೆ ಅದು ಲೆಕ್ಕಕ್ಕೆ ಬರುತ್ತಿರಲಿಲ್ಲ, ಆದರೆ ಕೆಳಗೂ ಮನೆಯೇ ಇದೆ. ಮಂಜೂರಾದ ಪ್ಲಾನ್ ಕೇಳಿದೆ, ಅದರಲ್ಲಿರೋದು ಗ್ರೌಂಡ್ ಮೇಲೆ ಎರಡೇ. ಕಟ್ಟಿದ ಮೇಲೆ ಪಾಲಿಕೆ ವಾಸಕ್ಕೆ ಕೊಡುವ ಒಪ್ಪಿಗೆ ಪತ್ರ, ಓಸಿ, ಇಲ್ಲ.

ಬೆಂಗಳೂರಲ್ಲಿ ಯಾರ ಮನೆ ತಾನೇ ಪ್ಲಾನ್ ಪ್ರಕಾರ ಇದೆ ಅಂತೀರಿ, ಗೊತ್ತು. "ಅಕ್ರಮ ಸಕ್ರಮದಲ್ಲಿ ಸರಿಯಾಗುತ್ತೆ" ಅಂತ ಬ್ರೋಕರ್ ಅಂದರು. ನಿಯಮ ಮೀರಿ ಕಟ್ಟಿದ್ದನ್ನು ದಂಡ ಕಟ್ಟಿಸಿಕೊಂಡು ಸರಿ ಮಾಡುವ ಆ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿದೆ. ನನ್ನ ತಕರಾರು ಏನಂದರೆ, ಕೇಳುತ್ತಿರುವ ಬೆಲೆಯಲ್ಲಿ ಮೂರನೇ ಮಹಡಿಯ ಬಾಡಿಗೆಯನ್ನೂ ಹಿಡಿದಿದ್ದಾರೆ. ಕಾಗದದಲ್ಲೇ ಇಲ್ಲದ ಮಹಡಿಗೆ ನಾನ್ಯಾಕೆ ಪೂರ್ತಿ ದುಡ್ಡು ಕೊಡಲಿ? ಅದನ್ನು ಕಳೆದು ಲೆಕ್ಕ ಹಾಕಿ ಹೇಳಿದೆ. ಆಮೇಲೆ ಅವರ ಕಡೆಯಿಂದ ಫೋನ್ ಕಮ್ಮಿಯಾಗಿದೆ.

ಉಳಿದದ್ದು, ಬೇಗ ಬೇಗ

ಇಸಿ (ಋಣಭಾರ ಪತ್ರ): ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ 2004ರ ಏಪ್ರಿಲ್‌ನಿಂದ ಈಚೆಗಿನದು ಸಿಕ್ಕಿತು. ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೇ ಹೋಗಬೇಕು, ಅರ್ಜಿ ಹಾಕಿದ್ದೇನೆ. ಹಳೆ ಪಹಣಿಯಲ್ಲಿ ಬಿ ಖರಾಬು ಒಂದಿಷ್ಟು ಗುಂಟೆ ಇದೆ. ಇದು ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಯ ಜಾಗ, ಮಾರೋಕೆ ಬರಲ್ಲ. ಆ ಗುಂಟೆಗಳು ಸರ್ವೆ ನಂಬರಿನ ಯಾವ ಮೂಲೆಯಲ್ಲಿವೆ ಅನ್ನೋದನ್ನು ಸರ್ವೆಯರ್ ಗುರುತಿಸಬೇಕು. ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಜಮೀನಲ್ಲ, ಹಾಗಾಗಿ ಅಂಥ ಜಮೀನಿನ ಮಾರಾಟ ತಡೆಯುವ ಪಿಟಿಸಿಎಲ್ ಕಾಯ್ದೆಯ ಭಯ ಇಲ್ಲ. ಇ-ಖಾತಾ ಇದೆ. ಬಿಡಿಎ ಭೂಸ್ವಾಧೀನದ ಅಧಿಸೂಚನೆಗಳಲ್ಲಿ ನಮ್ಮ ನಂಬರ್ ಇಲ್ಲ, ಲಾಯರ್ ಇನ್ನೊಮ್ಮೆ ನೋಡುತ್ತಾರೆ. ಕಾವೇರಿ ನೀರಿನ ಪೈಪು ರಸ್ತೆಯಲ್ಲಿದೆ, ಮನೆಗೆ ಸಂಪರ್ಕ ಇನ್ನೂ ತೆಗೆದುಕೊಂಡಿಲ್ಲ. ಬೋರ್‌ವೆಲ್ 2024ರ ಬೇಸಿಗೆಯಲ್ಲಿ ನಿಂತಿತ್ತು ಅಂತ ಬಾಡಿಗೆಯವರು ಹೇಳಿದರು, ಮಾಲೀಕರಲ್ಲ.

ಈಗ ಮುಖ್ಯವಾಗಿ ಬಾಕಿ ಇರೋದು ಎರಡೇ. ಆ ಹಳ್ಳ ಪ್ರೈಮರಿಯೋ ಸೆಕೆಂಡರಿಯೋ ಅಂತ ಪಾಲಿಕೆಯ ರಾಜಕಾಲುವೆ ವಿಭಾಗಕ್ಕೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿಯ ಅರ್ಜಿ ಹೋಗಿದೆ. ಬಿಬಿಎಂಪಿ ಹೋಗಿ ಐದು ಪಾಲಿಕೆ ಆದ ಮೇಲೆ ಯಾವ ಕಚೇರಿಗೆ ಕೊಡಬೇಕು ಅಂತ ತಿಳಿಯೋಕೇ ಅರ್ಧ ದಿನ ಬೇಕಾಯಿತು. ಉತ್ತರಕ್ಕೆ 30 ದಿನ ಗಡುವು. ಲೈಸೆನ್ಸ್ ಇರುವ ಸರ್ವೆಯರ್ ಭಾನುವಾರ ಬಂದು ಸರ್ವೆ ಕಲ್ಲಿನಿಂದ ಅಳೆದು ಹಳ್ಳದ ಹಳೆ ಜಾಗ ಗುರುತು ಹಾಕುತ್ತೇನೆ ಅಂದಿದ್ದಾರೆ. ಹಳ್ಳ ಸೆಕೆಂಡರಿ ಅಂತ ಉತ್ತರ ಬಂದರೂ, ಹಸಿರು ನ್ಯಾಯಮಂಡಳಿ ಹೇಳಿದ್ದ 35 ಮೀಟರಿನ ಆಚೆಗೆ ಮನೆ ಇದ್ದರೆ ಮಾತ್ರ ನಾನು ಮುಂದಿನ ಮಾತು ಆಡುವುದು. ಕಾನೂನಿಗೆ 25 ಸಾಕಿರಬಹುದು, ಆ ಸಂಪಿನ ಮುಚ್ಚಳ ನೋಡಿದ ಮೇಲೆ ನನಗೆ ಸಾಲಲ್ಲ. ಭಾವನಿಗೆ ಇನ್ನೂ ಹೇಳಿಲ್ಲ.