ಕೆರೆಗೆ ಬಿಟ್ಟ ಸಕ್ಕರ್ ಮೀನು, ಕೆಂಗಿವಿ ಆಮೆ: ಬೇಸಿಗೆ ಕೆಲಸದ ದಾಖಲೆ

ಜಾಗ: ಬೆಂಗಳೂರಿನ ಆಗ್ನೇಯ ಅಂಚಿನ ಒಂದು ಕೆರೆ. ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿ ಸೇರುತ್ತದೆ. ಅವಧಿ: ಫೆಬ್ರವರಿ ಕೊನೆಯಿಂದ ಮುಂಗಾರಿನ ಮೊದಲ ದೊಡ್ಡ ಮಳೆಯವರೆಗೆ. ಏರಿಯ ಒಳಮೈ ಕಣ್ಣಿಗೆ ಬೀಳುವುದು ಈ ಕಾಲದಲ್ಲಿ ಮಾತ್ರ. ಹಾಗಾಗಿ ಸಕ್ಕರ್ ಮೀನು ಏರಿಯಲ್ಲಿ ತೋಡಿದ ಬಿಲ ಗುರುತಿಸುವುದು, ಮುಚ್ಚುವುದು, ಕೋಡಿಗೆ ಜಾಲರಿ ಕೂರಿಸುವುದು ಎಲ್ಲ ಇಷ್ಟರೊಳಗೇ ಮುಗಿಯಬೇಕು.

ಕೆರೆಯಲ್ಲಿರುವ ಹೊರಗಿನ ಜೀವಿಗಳಲ್ಲಿ ಈ ಬಾರಿ ಕೈ ಹಾಕಿದ್ದು ಮೂರಕ್ಕೆ. ಅಕ್ವೇರಿಯಂ ಅಂಗಡಿಯಲ್ಲಿ ‘ಟ್ಯಾಂಕ್ ಕ್ಲೀನರ್’ ಎಂದು ಬೆರಳುದ್ದದ ಮರಿಯಾಗಿ ಮಾರುವ ದಕ್ಷಿಣ ಅಮೆರಿಕದ ಸಕ್ಕರ್ ಮೀನು (ಟೆರಿಗೊಪ್ಲಿಕ್ತಿಸ್ ಕುಲದ್ದು). ‘ಲಕ್ಕಿ ಆಮೆ’ ಎಂದು ನಾಣ್ಯದಷ್ಟಗಲ ಇದ್ದಾಗ ಕೊಂಡು, ತಟ್ಟೆಯಷ್ಟಗಲ ಆದ ಮೇಲೆ ತಂದು ಬಿಡುವ ಕೆಂಗಿವಿ ಆಮೆ, ಅಂದರೆ ರೆಡ್ ಇಯರ್ಡ್ ಸ್ಲೈಡರ್. ಮತ್ತೆ ದಡದುದ್ದಕ್ಕೂ ಹಬ್ಬಿರುವ ಅಲಿಗೇಟರ್ ವೀಡ್ ಎಂಬ ಕಳೆ. ಆಫ್ರಿಕನ್ ಕ್ಯಾಟ್‌ಫಿಶ್ ಮತ್ತು ಜಿಲೇಬಿ ಮೀನು ಕೂಡ ಹೊರಗಿನವೇ. ಆದರೆ ಅವನ್ನು ಕೊಳ್ಳುವವರಿದ್ದಾರೆ, ಮೀನುಗಾರರು ಹೇಗೂ ಹಿಡಿಯುತ್ತಾರೆ. ಸಕ್ಕರ್ ಬಲೆಗೆ ಬಿದ್ದರೆ ಯಾರಿಗೂ ಬೇಡ, ಬಿಡಿಸಿ ವಾಪಸ್ ನೀರಿಗೇ ಎಸೆಯುತ್ತಾರೆ. ಅದು ಹೆಚ್ಚುವುದಕ್ಕೆ ಇದೂ ಒಂದು ದಾರಿ.

ಅನುಮತಿಯ ವಿಷಯ ಮೊದಲೇ ಹೇಳಿಬಿಡಬೇಕು. ಮೀನು ಹಿಡಿಯುವ ಹಕ್ಕು ಹರಾಜಿನಲ್ಲಿ ಪಡೆದವರದು. ಅವರ ಒಪ್ಪಿಗೆ, ಕೆರೆಯ ಒಡೆತನದ ಸಂಸ್ಥೆಯ ಪತ್ರ, ಮೀನುಗಾರಿಕೆ ಇಲಾಖೆಗೆ ಮಾಹಿತಿ, ಈ ಮೂರೂ ಇಲ್ಲದೆ ಬಲೆ ಹಾಕುವಂತಿಲ್ಲ. ಆಮೆಗೆ ಅರಣ್ಯ ಇಲಾಖೆಯ ಅನುಮತಿ ಬೇರೆ. ಸ್ಲೈಡರ್ ಹಿಡಿಯಲು ಇಟ್ಟ ಬೋನಿಗೆ ನಮ್ಮ ಮೆದುಚಿಪ್ಪಿನ ಆಮೆಯೂ ಬೀಳುತ್ತದೆ, ಅದು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ.

ಬಿಲಗಳ ಗುರುತು

ಏರಿಯ ಒಳಮೈಯಲ್ಲಿ ಕಾಣುವ ಪ್ರತಿ ತೂತೂ ಸಕ್ಕರ್ ಬಿಲವಲ್ಲ. ಏಡಿಯದು ಮೂರ್ನಾಲ್ಕು ಸೆಂಟಿಮೀಟರಿನ ದುಂಡು ತೂತು, ಬಾಯಲ್ಲಿ ಮಣ್ಣುಂಡೆಗಳ ಗುಪ್ಪೆ ಇರುತ್ತದೆ. ಮಿಂಚುಳ್ಳಿಯದು ನೀರಿಗಿಂತ ಬಹಳ ಮೇಲೆ, ಕಡಿದಾದ ಮಣ್ಣಿನ ಗೋಡೆಯಲ್ಲಿ. ಹಕ್ಕಿಯ ಕಾಲು ಉಜ್ಜಿ ಕೆಳ ಅಂಚಿನಲ್ಲಿ ಎರಡು ಗೀರು ಬಿದ್ದಿರುತ್ತವೆ, ಅದನ್ನು ಮುಟ್ಟಬಾರದು. ಹೆಗ್ಗಣದ್ದು ಒಣ ಮಣ್ಣಲ್ಲಿ, ಹೊರಗೆ ಮಣ್ಣಿನ ರಾಶಿ. ಸಕ್ಕರ್ ಬಿಲದ ತಳ ಚಪ್ಪಟೆ, ಮೇಲ್ಭಾಗ ಕಮಾನು, ಬಾಯಗಲ ಸುಮಾರು 15ರಿಂದ 20 ಸೆಂಟಿಮೀಟರ್. ಒಂದೇ ಮಟ್ಟದಲ್ಲಿ ಸಾಲಾಗಿ, ಪಕ್ಕಪಕ್ಕದಲ್ಲೇ ಇರುತ್ತವೆ. ಆ ಸಾಲೇ ಅವು ತೋಡಿದ ಕಾಲದ ನೀರಿನ ಮಟ್ಟವನ್ನು ಹೆಚ್ಚುಕಡಿಮೆ ಹೇಳಿಬಿಡುತ್ತದೆ.

ಆಳ ನೋಡಲು ಬಿದಿರಿನ ಕಡ್ಡಿಗಿಂತ ಬಾಗುವ 20 ಮಿಲಿಮೀಟರಿನ ಎಲೆಕ್ಟ್ರಿಕಲ್ ಪೈಪ್ ವಾಸಿ. 10 ಸೆಂಟಿಮೀಟರಿಗೊಂದು ಬಣ್ಣದ ಪಟ್ಟಿ ಹಾಕಿಕೊಂಡರೆ ಓದುವುದು ಸುಲಭ. ಅರ್ಧ ಮೀಟರಿನಿಂದ ಒಂದು ಮೀಟರ್ ದಾಟಿದವೂ ಇವೆ, ಒಳಗೆ ಹೋಗುತ್ತ ಸ್ವಲ್ಪ ಕೆಳಕ್ಕೆ ಇಳಿಜಾರು. ಏರಿಯನ್ನು 10 ಮೀಟರ್ ತುಂಡುಗಳಾಗಿ ವಿಂಗಡಿಸಿ ಗೂಟಕ್ಕೆ ಸಂಖ್ಯೆ ಬರೆದಿದೆ. ಮುಂದಿನ ಬೇಸಿಗೆಯಲ್ಲಿ ಅದೇ ತುಂಡಿನೊಂದಿಗೆ ಹೋಲಿಸದಿದ್ದರೆ ಕೆಲಸ ಫಲ ಕೊಟ್ಟಿತೋ ಇಲ್ಲವೋ ಗೊತ್ತಾಗುವುದಿಲ್ಲ. ಹಿಡಿದ ಮೀನಿನ ಲೆಕ್ಕ ಬಲೆ ಬೀಸಿದವರ ಉತ್ಸಾಹವನ್ನಷ್ಟೇ ತೋರಿಸುತ್ತದೆ, ಕೆರೆಯಲ್ಲಿ ಉಳಿದದ್ದನ್ನಲ್ಲ.

ಕಲ್ಲುಕಟ್ಟಡ ಗಟ್ಟಿಯಾಗಿರುವ ಕಡೆ ಬಿಲ ಇಲ್ಲವೇ ಇಲ್ಲ ಎನ್ನಬಹುದು. ಕಲ್ಲು ಕಿತ್ತುಹೋದ ಜಾಗ, ರಾಜಕಾಲುವೆ ಸೇರುವ ಮೂಲೆ, ಹಕ್ಕಿಗಳಿಗೆಂದು ಮಣ್ಣು ಸುರಿದು ಮಾಡಿದ ನಡುಗಡ್ಡೆ, ಈ ಮೂರು ಕಡೆ ದಟ್ಟ. ನಡುಗಡ್ಡೆಯ ಅಂಚು ಕುಸಿಯುತ್ತಿರುವುದಕ್ಕೆ ಅಲೆಯನ್ನು ದೂರುತ್ತಿದ್ದರು. ಗಾಳಿ ಬೀಸದ ಬದಿಯಲ್ಲೇ ಹೆಚ್ಚು ಕುಸಿದಿದೆ, ಬಿಲಗಳೂ ಆ ಬದಿಯಲ್ಲೇ ಇವೆ.

ಪೈಪ್ ಬೋನು

ಸಕ್ಕರ್ ಗಾಳಕ್ಕೆ ಬರುವುದು ಅಪರೂಪ, ಪಾಚಿ ಮತ್ತು ತಳದ ಕೊಳೆ ಕೆರೆದು ತಿನ್ನುತ್ತದೆ. ಬೀಸುಬಲೆಗೆ ಬೀಳುತ್ತದೆ, ಆದರೆ ಬಲೆ ಹಾಳು. ಎತ್ತಿದೊಡನೆ ಬೆನ್ನಿನ ಮತ್ತು ಎದೆಯ ಮುಳ್ಳುಗಳನ್ನು ಬಿಚ್ಚಿ ಬೀಗ ಹಾಕಿದಂತೆ ನಿಲ್ಲಿಸುತ್ತದೆ, ಕಣ್ಣಿಗಳು ಅದರ ಮೈಯ ಮೂಳೆ ಫಲಕಗಳಿಗೆ ಸುತ್ತಿಕೊಳ್ಳುತ್ತವೆ. ಎದೆಮುಳ್ಳಿನ ಬುಡ ಉಜ್ಜಿ ಕಿರ್‍ರ್ ಎಂದು ಸದ್ದೂ ಮಾಡುತ್ತದೆ. ಎಳೆದರೆ ಬಲೆಯೇ ಹರಿಯುವುದು. ಎದೆಮುಳ್ಳುಗಳನ್ನು ಮೈಗೆ ಒತ್ತಿ ಹಿಡಿದು, ಬಾಲದ ಕಡೆಯಿಂದ ಹಿಂದಕ್ಕೆ ಜಾರಿಸಬೇಕು, ದಪ್ಪ ಚರ್ಮದ ಕೈಗವಸು ಹಾಕಿಕೊಂಡೇ. ಒಂಟಿ ಎಳೆಯ ತಂಗೂಸಿ ಬಲೆ ಬೇಡ, ಹೆಣೆದ ನೈಲಾನ್ ದಾರದ ದಪ್ಪ ಬಲೆ ಕೆಲವು ಸೀಸನ್ ಆದರೂ ಬಾಳುತ್ತದೆ.

ಇದಕ್ಕಿಂತ ಚೆನ್ನಾಗಿ ನಡೆಯುತ್ತಿರುವುದು ಪೈಪ್. ಈ ಮೀನು ಮೊಟ್ಟೆಯಿಡುವುದು ಬಿಲದೊಳಗೆ, ಗಂಡು ಒಳಗೇ ಕಾವಲು ಕೂರುತ್ತದೆ. ಅಕ್ವೇರಿಯಂ ಮೀನು ಸಾಕುವವರು ಈ ಜಾತಿಯ ಮೀನುಗಳಿಗೆ ಪೈಪು, ಮಡಕೆ ಕೊಟ್ಟು ಮರಿ ಮಾಡಿಸುವುದೂ ಇದೇ ಗುಣ ನೋಡಿ. 6 ಇಂಚಿನ ಪಿವಿಸಿ ಪೈಪ್, ಉದ್ದ 90 ಸೆಂಟಿಮೀಟರ್, ಒಂದು ತುದಿಗೆ ಮುಚ್ಚಳ. ಮುಚ್ಚಳದಲ್ಲಿ 6 ಮಿಲಿಮೀಟರಿನ ಹತ್ತು ಹನ್ನೆರಡು ತೂತು, ಎತ್ತುವಾಗ ನೀರು ಬಸಿಯಬೇಕು, ಮೀನು ಮೊಟ್ಟೆ ಒಳಗುಳಿಯಬೇಕು. ಒಳಗೋಡೆ ನುಣುಪಾಗಿದ್ದರೆ ಮೀನಿಗೆ ಹಿಡಿಸದು, ಒರಟು ಉಪ್ಪುಕಾಗದದಲ್ಲಿ ಉಜ್ಜಿ. ತೆರೆದ ಬಾಯಿಯ ಅಂಚಿನಲ್ಲಿ ಎದುರುಬದುರು ಎರಡು ತೂತು ಕೊರೆದು ಹಗ್ಗವನ್ನು ಬಕೆಟ್ಟಿನ ಹಿಡಿಯಂತೆ ಕಟ್ಟಬೇಕು. ಆಗ ಹಗ್ಗ ಎಳೆದ ಕೂಡಲೇ ಬಾಯಿ ಮೇಲಾಗುತ್ತದೆ, ಮೀನು ಬುಡಕ್ಕೆ ಜಾರುತ್ತದೆ. ಮುಚ್ಚಳದ ಕಡೆ ಕೆಳಗೆ ಒಂದು ಹಿಡಿ ಕಾಂಕ್ರೀಟು, ತೇಲದಿರಲು.

ಇಡುವ ಜಾಗ ಬಿಲಗಳ ಸಾಲಿಗೆ ಹತ್ತಿರ, ನೀರಿನ ಮೇಲ್ಮೈಯಿಂದ ಅರ್ಧ ಮೀಟರ್ ಕೆಳಗೆ, ಬಾಯಿ ಆಳದ ಕಡೆಗೆ. ವಾರಕ್ಕೊಮ್ಮೆ ಎತ್ತಿದರೆ ಸಾಕು. ತೊಂದರೆ ಎರಡು. ರಾಜಕಾಲುವೆ ಬಾಯಲ್ಲಿ ಇಟ್ಟವು ಹೂಳು ತುಂಬಿ ಸತ್ತ ಪೈಪಾಗುತ್ತವೆ, ಅಲ್ಲಿ ಇಡುವುದೇ ವ್ಯರ್ಥ. ಎರಡನೆಯದು ಕಳವು. ಹೊಸ ಪೈಪ್ ರಾತ್ರೋರಾತ್ರಿ ಮಾಯ. ಮೈತುಂಬ ತೂತು ಕೊರೆದು ಡಾಂಬರು ಬಳಿದ ಗುಜರಿ ಪೈಪನ್ನು ಯಾರೂ ಮುಟ್ಟುವುದಿಲ್ಲ.

ಹಿಡಿದದ್ದನ್ನು ದಡದಲ್ಲಿ ಎಸೆದು ಹೋಗುವ ಅಭ್ಯಾಸ ನಿಲ್ಲಬೇಕು. ಸಕ್ಕರ್ ಗಾಳಿ ನುಂಗಿ ಹೊಟ್ಟೆಯ ಮೂಲಕ ಉಸಿರಾಡುತ್ತದೆ, ಮೈ ಒದ್ದೆ ಇದ್ದರೆ ಹೊತ್ತುಗಟ್ಟಲೆ ಬದುಕಿರುತ್ತದೆ. ಅದು ಹಿಂಸೆ, ಜೊತೆಗೆ ತೆವಳಿ ನೀರು ಸೇರುವುದೂ ಉಂಟು. ತಲೆಗೆ ಹೊಡೆದು ಕೊಲ್ಲುವುದೂ ಮೂಳೆಯ ಕವಚದಿಂದಾಗಿ ನಂಬಿಕೆಯ ದಾರಿಯಲ್ಲ. ಪಶುವೈದ್ಯರ ಸಲಹೆಯಂತೆ ಲವಂಗದ ಎಣ್ಣೆ ಬಳಸಲಾಗುತ್ತಿದೆ. ನೇರ ನೀರಿಗೆ ಹಾಕಿದರೆ ಎಣ್ಣೆ ಮೇಲೆ ತೇಲುತ್ತದೆ, ಒಂದು ಪಾಲಿಗೆ ಒಂಬತ್ತು ಪಾಲು ಆಲ್ಕೋಹಾಲ್ ಬೆರೆಸಿ ಕುಲುಕಿ, ಆಮೇಲೆ ನೀರಿಗೆ. ಪ್ರಮಾಣ ಲೀಟರಿಗೆ 400 ಮಿಲಿಗ್ರಾಂ ಎಣ್ಣೆ. ಕಿವಿರು ನಿಂತ ಮೇಲೂ ಅರ್ಧ ಗಂಟೆ ಅದೇ ನೀರಲ್ಲಿ ಬಿಡಬೇಕು. ಟಬ್ಬಿನ ಮೇಲೆ ಜಾಲರಿ ಮುಚ್ಚಿ ಮೀನು ಮೇಲ್ಮೈಗೆ ಬರದಂತೆ ಮುಳುಗಿಸಿಡಿ, ಇಲ್ಲದಿದ್ದರೆ ಗಾಳಿ ನುಂಗುತ್ತ ಕಾಲ ತಳ್ಳುತ್ತದೆ. ಮೀನನ್ನು ಕೋಳಿಗೋ ನಾಯಿಗೋ ಹಾಕುವಂತಿಲ್ಲ, ಚರಂಡಿ ನೀರಿನ ಕೆರೆಯ ತಳ ಮೇಯ್ದದ್ದು ಅದು. ಏರಿಯಿಂದ ದೂರ, ಮೂರಡಿ ಆಳದ ಗುಂಡಿಯೇ ಗತಿ.

ಬಿಲ ಮುಚ್ಚುವಾಗಲೂ ಮೊದಲು ಮೀನು ತೆಗೆಯಬೇಕು. ಬದುಕಿರುವ ಗಂಡನ್ನು ಒಳಗಿಟ್ಟು ಮಣ್ಣು ತುರುಕಿದರೆ ಪಕ್ಕದಲ್ಲಿ ಹೊಸ ಬಾಯಿ ಬೀಳುತ್ತದೆ. ಹಸಿ ಜೇಡಿಮಣ್ಣನ್ನು ಅಂಗೈಯಗಲದ ಪದರಗಳಾಗಿ ಒಳಗಿನಿಂದ ಹೊರಕ್ಕೆ ದಿಮ್ಮಿಸಿಯಲ್ಲಿ ಕುಟ್ಟುತ್ತ ಬರಬೇಕು. ಹೂಳು ಬಳಸಬೇಡಿ, ಒಣಗಿ ಬಿರುಕು ಬಿಟ್ಟು ನೀರು ತುಂಬಿದಾಗ ಗಂಜಿಯಾಗುತ್ತದೆ. ಮೇಲೆ ಕಲ್ಲು ಹೊದಿಸಿ, ನೀರಿನ ಮಟ್ಟದ ತುಸು ಮೇಲೆ 15 ಸೆಂಟಿಮೀಟರಿಗೊಂದರಂತೆ ಲಾವಂಚದ ಬುಡ ನೆಟ್ಟಿದೆ. ಮಳೆ ಹಿಡಿದ ಮೇಲೆಯೇ ಅದರ ಕಥೆ ಗೊತ್ತಾಗುವುದು.

ಆಮೆಯ ತೇಲು ಬೋನು

ಸ್ಲೈಡರ್ ಅಮೆರಿಕದ ಮಿಸಿಸಿಪ್ಪಿ ಕೊಳ್ಳದ ಆಮೆ. ಜಗತ್ತಿನ ಅತಿ ಕೆಟ್ಟ 100 ದಾಳಿಕೋರ ಜೀವಿಗಳ ಪಟ್ಟಿಯಲ್ಲಿದೆ, ಯೂರೋಪ್ ಒಕ್ಕೂಟ 1997ರಲ್ಲೇ ಆಮದು ನಿಲ್ಲಿಸಿತು. ಕಣ್ಣಿನ ಹಿಂದಿನ ಕೆಂಪು ಪಟ್ಟಿಯೊಂದನ್ನೇ ನಂಬಬೇಡಿ, ಮುದಿ ಗಂಡುಗಳಲ್ಲಿ ಅದು ಮಾಸಿ ಮೈಯೆಲ್ಲ ಕಪ್ಪಾಗಿರುತ್ತದೆ. ತಿರುಗಿಸಿ ನೋಡಿ: ಹಳದಿ ಎದೆಚಿಪ್ಪು, ಅದರ ಮೇಲೆ ಕಪ್ಪು ಮಚ್ಚೆ. ನಮ್ಮ ಕಪ್ಪು ಆಮೆಯ ಬೆನ್ನಲ್ಲಿ ಉದ್ದಕ್ಕೆ ಮೂರು ಏಣುಗಳಿವೆ. ಮೆದುಚಿಪ್ಪಿನದನ್ನು ತಪ್ಪುವಂತೆಯೇ ಇಲ್ಲ.

ಬಿಸಿಲು ಕಾಯಿಸುವ ಚಾಳಿಯನ್ನೇ ಬಳಸಿಕೊಂಡ ಬೋನು ಇದು. 110 ಮಿಲಿಮೀಟರಿನ ಪಿವಿಸಿ ಪೈಪ್ 1.2 ಮೀಟರಿನ ನಾಲ್ಕು ತುಂಡು, ನಾಲ್ಕು ಎಲ್ಬೋ, ಸಾಲ್ವೆಂಟ್ ಅಂಟು. ಒಂದು ರಾತ್ರಿ ನೀರಲ್ಲಿ ತೇಲಿಬಿಟ್ಟು ಸೋರಿಕೆ ನೋಡಿಯೇ ಮುಂದಿನ ಕೆಲಸ. ಚೌಕಟ್ಟಿನಿಂದ 25 ಮಿಲಿಮೀಟರ್ ಕಣ್ಣಿನ ನೈಲಾನ್ ಬಲೆಯ ಚೀಲ 70 ಸೆಂಟಿಮೀಟರ್ ಆಳಕ್ಕೆ ಇಳಿಬಿಡಬೇಕು, ತಳದ ನಾಲ್ಕು ಮೂಲೆಗೆ ಭಾರ. ಹೊರಬದಿಗೆ ನೀರಿಗಿಳಿಯುವ ಹಲಗೆಗಳು, ಉಗುರು ಕಚ್ಚಲು ಕೋಳಿಜಾಲರಿ ಹೊಡೆದು. ಒಳಬದಿಗೆ ಒಂದು ಗೇಣು ಅಗಲದ ನುಣುಪು ಶೀಟು ಒಳಕ್ಕೆ ಚಾಚಿರಬೇಕು. ಗಾಬರಿಯಾದ ಆಮೆ ಒಳಗೆ ಧುಮುಕಿದರೆ ಮತ್ತೆ ಹತ್ತಲಾಗದು. ಮೇಲೆ ತೆರೆದೇ ಇರುವುದರಿಂದ ಉಸಿರಿಗೆ ತೊಂದರೆಯಿಲ್ಲ. ಮೊದಲ ವಾರ ಚೀಲವಿಲ್ಲದೆ ಬರೀ ಚೌಕಟ್ಟು ತೇಲಿಬಿಡಿ, ಅಭ್ಯಾಸವಾಗಲಿ.

ಬೇಸಿಗೆಯಲ್ಲಿ ನೀರು ಇಳಿಯುತ್ತ ಚೀಲದ ತಳ ಕೆಸರಿಗೆ ತಾಗಿ ಮಡಚಿಕೊಳ್ಳುತ್ತದೆ, ಆಮೆ ಅದರೊಳಗೆ ಸಿಕ್ಕಿ ಮುಳುಗಬಹುದು. ಚೀಲದ ಕೆಳಗೆ ಸದಾ ಒಂದಡಿ ನೀರಿರುವಂತೆ ಬೋನನ್ನು ಆಳಕ್ಕೆ ಸರಿಸುತ್ತಿರಬೇಕು. ನೀರೊಳ್ಳೆ ಹಾವೂ ಬೀಳುತ್ತದೆ, ಕೈ ಹಾಕುವ ಮುಂಚೆ ನೋಡಿ. ದಿನಕ್ಕೆ ಎರಡು ಸಲ ನೋಡಲು ಜನವಿಲ್ಲದ ದಿನ ಚೀಲ ಬಿಚ್ಚಿಡುವುದು ನಿಯಮ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುತ್ತದೆ.

ಹಿಡಿದ ಸ್ಲೈಡರ್ ಎಲ್ಲಿಗೆ? ಈ ಯೋಜನೆಯ ಅತಿ ಕಷ್ಟದ ಭಾಗ ಇದೇ. 30 ವರ್ಷ ಬದುಕುವ ಪ್ರಾಣಿ, ಪುನರ್ವಸತಿ ಕೇಂದ್ರಗಳಲ್ಲಿ ಜಾಗ ಸಾಲದು, ಕೆರೆಗೆ ಮರಳಿಸುವಂತಿಲ್ಲ. ಒಪ್ಪಿಕೊಳ್ಳುವವರು ಸಿಗುವವರೆಗೆ ಬೋನು ಇಳಿಸದಿರುವುದೇ ಸರಿ. ಕೆರೆ ಗೇಟಿನ ಬಳಿ ‘ಆಮೆ ಬಿಡಬೇಡಿ’ ಎಂಬ ಫಲಕಕ್ಕಿಂತ, ಬಿಡಲು ಬಂದವರ ಕೈಯಿಂದಲೇ ಪಡೆಯುವ 500 ಲೀಟರ್ ತೊಟ್ಟಿ ಹೆಚ್ಚು ಕೆಲಸ ಮಾಡುತ್ತದೆ. ಬಿಡುವವರಲ್ಲಿ ಬಹಳ ಜನ ಪುಣ್ಯದ ಕೆಲಸವೆಂದೇ ಬರುತ್ತಾರೆ, ಬೈದರೆ ಮುಂದಿನ ಸಲ ಕತ್ತಲಾದ ಮೇಲೆ ಬರುತ್ತಾರೆ.

ಕೋಡಿ, ಚರಂಡಿ, ಸೊಪ್ಪು

ಕೋಡಿಯಲ್ಲಿ ಎರಡು ಹಂತ: 50 ಮಿಲಿಮೀಟರ್ ಸಂದಿನ ಓರೆ ಸರಳುಗಳು ಕಸಕ್ಕೆ, ಹಿಂದೆ 10 ಮಿಲಿಮೀಟರ್ ಕಣ್ಣಿನ ಜಾಲರಿ ಮೀನಿಗೆ. ಸಕ್ಕರ್ ಮೊಟ್ಟೆ ಬಿಲದಲ್ಲೇ ಇರುವುದರಿಂದ ತೇಲಿ ಹೋಗುವುದಿಲ್ಲ, ದೊಡ್ಡವನ್ನು ತಡೆದರೂ ಲಾಭವಿದೆ. ಆದರೆ ಕಳೆ, ಪ್ಲಾಸ್ಟಿಕ್ ಕಟ್ಟಿಕೊಂಡರೆ ನೀರು ಏರಿಯ ಮೇಲೆ ಹತ್ತುತ್ತದೆ. ಅದಕ್ಕೆ ಜಾಲರಿಯನ್ನು ಗಾರೆ ಹಾಕಿ ಕೂರಿಸದೆ, ಒಬ್ಬ ಮನುಷ್ಯ ಎತ್ತಿ ತೆಗೆಯಬಹುದಾದ ತುಂಡುಗಳಾಗಿ ಬದಿಯ ಸೀಳುಗಳಲ್ಲಿ ಇಳಿಸುವಂತೆ ಎಂಜಿನಿಯರ್ ಸೂಚಿಸಿದ್ದಾರೆ. ದೊಡ್ಡ ಮಳೆಯ ಮುನ್ಸೂಚನೆ ಬಂದರೆ ತೆಗೆಯುವುದೇ. ಮೀನಿಗಿಂತ ಏರಿ ಮುಖ್ಯ.

ಜೊತೆಗೆ ಸೂರ್ಯ ಹುಟ್ಟುವ ಮುಂಚೆ ಕರಗಿದ ಆಮ್ಲಜನಕ ಅಳೆಯುವುದು ನಡೆದಿದೆ. ಮಧ್ಯಾಹ್ನ ಪಾಚಿಯಿಂದಾಗಿ ಅಂಕಿ ಚೆನ್ನಾಗಿಯೇ ಬರುತ್ತದೆ, ಅದಕ್ಕೆ ಮೋಸ ಹೋಗಬಾರದು. ಬೆಳಗಿನ ಜಾವ ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿದಾಗ ಕಾಟ್ಲಾ, ರೋಹು ಬಾಯಿ ಬಿಡುತ್ತವೆ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತವಲ್ಲ, ಅಂಥ ದಿನ ಗಾಳಿ ನುಂಗುವ ಸಕ್ಕರ್ ಮತ್ತು ಆಫ್ರಿಕನ್ ಕ್ಯಾಟ್‌ಫಿಶ್ ಉಳಿಯುತ್ತವೆ, ಖಾಲಿಯಾದ ಕೆರೆ ಅವುಗಳದಾಗುತ್ತದೆ. ರಾಜಕಾಲುವೆಗೆ ಸೇರುವ ಚರಂಡಿ ತಿರುಗಿಸದೆ ಎಷ್ಟು ಪೈಪ್ ಇಟ್ಟರೂ ಪ್ರತಿ ಬೇಸಿಗೆ ಇದೇ ಕೆಲಸ. ಪತ್ರವ್ಯವಹಾರ ನಡೆದಿದೆ.

ಅಲಿಗೇಟರ್ ವೀಡ್ ಕಿತ್ತದ್ದು ಉತ್ತರ ದಡದಲ್ಲಿ ಮಾತ್ರ. ಇಲ್ಲಿ ಅದು ಹಬ್ಬುವುದು ಗಿಣ್ಣಿನಿಂದ. ಒಂದು ಗಿಣ್ಣು ತೇಲಿ ಹೋದರೂ ಹೊಸ ಗಿಡ, ಹಾಗಾಗಿ ಕುಡುಗೋಲು ಹಾಕುವ ಮುಂಚೆ ಸುತ್ತ ತೇಲುಬಲೆ ಕಟ್ಟಬೇಕು. ಜನ ಇದನ್ನು ಹೊನಗೊನ್ನೆ ಎಂದು ಕೊಯ್ದೊಯ್ಯುತ್ತಿದ್ದಾರೆ. ಹೊನಗೊನ್ನೆಯ ಬಿಳಿ ಹೂಗೊಂಚಲು ಎಲೆಯ ಕಂಕುಳಲ್ಲಿ ತೊಟ್ಟಿಲ್ಲದೆ ಅಂಟಿರುತ್ತದೆ. ಇದರದು ಉದ್ದ ತೊಟ್ಟಿನ ತುದಿಯಲ್ಲಿ, ದಂಟು ಮುರಿದರೆ ಒಳಗೆ ಟೊಳ್ಳು. ಚರಂಡಿ ನೀರಿನ ದಡದ ಸೊಪ್ಪು ಯಾವುದಾದರೂ ತಿನ್ನಬಾರದು ಎಂದು ಕೊಯ್ಯಲು ಬಂದವರಿಗೆ ಎರಡೂ ಗಿಡ ತೋರಿಸಿ ಹೇಳಲಾಗುತ್ತಿದೆ. ಕಿತ್ತ ಕಳೆಯನ್ನು ಟಾರ್ಪಾಲಿನ ಮೇಲೆ ಹರಡಿ ದಂಟು ಪಟಕ್ಕನೆ ಮುರಿಯುವಷ್ಟು ಒಣಗಿಸಿದ ಮೇಲಷ್ಟೇ ಗೊಬ್ಬರದ ಗುಂಡಿಗೆ. ನೀರುಕೋಳಿಗಳು ಗೂಡು ಕಟ್ಟುವ ಹೊತ್ತಾದ್ದರಿಂದ ಪೂರ್ವದ ಜೊಂಡಿನ ಕಡೆ ಮಳೆಗಾಲ ಮುಗಿಯುವವರೆಗೆ ಹೋಗುವುದಿಲ್ಲ. ಮೊದಲ ಮಳೆಗೆ ಮುಂಚೆ ಎಲ್ಲ ಪೈಪ್ ಎತ್ತಿ ತೊಳೆದು, ಹಗ್ಗ ಬದಲಿಸಿ, ಅಕ್ಟೋಬರಿನಲ್ಲಿ ಹೊಸ ನೀರಿನ ಮಟ್ಟಕ್ಕೆ ಮತ್ತೆ ಇಳಿಸುವುದು.