ಮೆಂಬ್ರೇನ್ ಯಾವುದರದ್ದು ಅಂತ ಟೇಬಲ್ ಹತ್ತುವ ಮೊದಲೇ ಹೇಳಿ

ಆಗ ನಾನು ಚಿಕ್ಕಬಳ್ಳಾಪುರದ ಒಂದು ಆಸ್ಪತ್ರೆಯ ದಂತ ವಿಭಾಗದಲ್ಲಿದ್ದೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ರೀಲರ್ ಒಬ್ಬರಿಗೆ ಕೆಳದವಡೆಯ ಹಲ್ಲು ಕಿತ್ತು, ಮುಂದೆ ಇಂಪ್ಲಾಂಟ್ (ಕೃತಕ ಹಲ್ಲಿನ ಬೇರು) ಹಾಕಲು ಮೂಳೆ ಉಳಿಸಬೇಕಿತ್ತು. ಮಾಮೂಲಿ ಕೇಸ್. ವಸಡಿನ ಫ್ಲ್ಯಾಪ್ ಎತ್ತಿದ್ದಾಯಿತು, ಗುಂಡಿ ತುಂಬುವ ಕೃತಕ ಮೂಳೆಪುಡಿ ಬೀಟಾ ಟಿಸಿಪಿ ಕಲಸಿಟ್ಟಿದ್ದಾಯಿತು. ಅದರ ಮೇಲೆ ಹಾಸುವ ತೆಳು ಹಾಳೆಯೇ ಮೆಂಬ್ರೇನ್. ರಿಜಿಸ್ಟರಿಗೆ ಬರೆಯಲು ಅಸಿಸ್ಟೆಂಟ್ ಮೆಂಬ್ರೇನ್ ಡಬ್ಬಿಯ ಲೇಬಲ್ ಜೋರಾಗಿ ಓದಿದಳು: ಪೋರ್ಸೈನ್ ಡರ್ಮಿಸ್.

ಅವರು ಕೈ ಎತ್ತಿದರು. "ಅದು ಯಾವ್ದರದು ಡಾಕ್ಟ್ರೇ?"

"ಹಂದಿ ಚರ್ಮದ ಕೊಲಾಜನ್."

"ಬೇಡ. ನನ್ನ ಬಾಯಲ್ಲಿ ಇಡಬೇಡಿ."

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರು, ನಿಜ. ಅದರಲ್ಲಿದ್ದದ್ದು 'ರಿಸಾರ್ಬಬಲ್ ಮೆಂಬ್ರೇನ್' (ತಾನೇ ಕರಗುವ ಹಾಳೆ) ಅಂತ, ಅದೂ ಇಂಗ್ಲಿಷಿನಲ್ಲಿ. "ಸಹಿ ಇದೆಯಲ್ಲ, ಹೇಗೂ ಕರಗಿಹೋಗುತ್ತೆ, ಹಾಕಿಬಿಡಿ" ಅಂತ ಸೀನಿಯರ್ ಕಿವಿಯಲ್ಲಿ ಹೇಳಿದರು. ಕರಗುತ್ತದೆ. ಆದರೆ ಕರಗುವ ತನಕ ವಾರಗಟ್ಟಲೆ ಅದು ಅವರ ಮೈಯೊಳಗೇ ಇರುತ್ತದಲ್ಲ. ನಾನು ಡಬ್ಬಿ ವಾಪಸ್ ಕಳಿಸಿದೆ.

ಹಾಗಂತ ತಡೆಯೇ ಇಲ್ಲದೆ ಹೊಲಿಯುವಂತಿಲ್ಲ. ವಸಡಿನ ಕೋಶಗಳು ಮೂಳೆಯ ಕೋಶಗಳಿಗಿಂತ ಬೇಗ ಬೆಳೆಯುತ್ತವೆ, ಬಿಟ್ಟರೆ ಮೂಳೆಯ ಜಾಗವನ್ನೆಲ್ಲ ಅವೇ ಹಿಡಿಯುತ್ತವೆ. ಅಡ್ಡ ಹಾಳೆಯಿಟ್ಟರೆ ಮೂಳೆ ತುಂಬುತ್ತದೆ ಅಂತ 1988ರಲ್ಲಿ ಡಾಲಿನ್ ಎಂಬ ಸಂಶೋಧಕರ ತಂಡ ಇಲಿಗಳ ದವಡೆಯಲ್ಲಿ ತೋರಿಸಿತ್ತು. ಅದು ಟೆಫ್ಲಾನ್ ಹಾಳೆ, ತೆಗೆಯಲು ಮತ್ತೆ ಕೊಯ್ಯಬೇಕು. ತಾನೇ ಕರಗುವ ಕೊಲಾಜನ್ ಎಲ್ಲರಿಗೂ ಇಷ್ಟವಾಗಿದ್ದು ಅದಕ್ಕೇ. ಸ್ಟೋರ್ಸಿನಲ್ಲಿ ಇದ್ದ ಇನ್ನೊಂದು ಮೆಂಬ್ರೇನ್ ಬೊವೈನ್, ದನದ ಹಿಮ್ಮಡಿಯ ಸ್ನಾಯುರಜ್ಜಿನದು. ಅದೂ ಬೇಡವೆಂದರು.

ಉಳಿದದ್ದು ಅವರದೇ ರಕ್ತ. ಅದರಿಂದ ಪಿಆರ್‌ಎಫ್, ಅಂದರೆ ಪ್ಲೇಟ್‌ಲೆಟ್ ತುಂಬಿದ ಫೈಬ್ರಿನ್ ಪೊರೆ, ಮಾಡಬಹುದು. ಗಾಜಿನ ಟ್ಯೂಬಿಗೆ ಎಳೆದ ತಕ್ಷಣ ಸೆಂಟ್ರಿಫ್ಯೂಜಿಗೆ (ವೇಗವಾಗಿ ತಿರುಗಿಸುವ ಮೆಷಿನ್) ಹಾಕಬೇಕು, 2700 ಆರ್‌ಪಿಎಂ, 12 ನಿಮಿಷ. ತಡವಾದರೆ ಹೆಪ್ಪು ಕಟ್ಟಿ ಕೆಡುತ್ತದೆ. ಆ ಮೆಷಿನ್ ಯುಪಿಎಸ್ ಲೈನಿನಲ್ಲಿಲ್ಲ, ಎಷ್ಟು ಸಲ ಬರೆದುಕೊಟ್ಟರೂ ಮ್ಯಾನೇಜ್‌ಮೆಂಟ್ ಹಾಕಿಸಿರಲಿಲ್ಲ. ಕರೆಂಟ್ ಹೋಗದಿರಲಿ ಅಂತ ಪೂರ್ತಿ ಹನ್ನೆರಡು ನಿಮಿಷ ಅದರ ದೀಪವನ್ನೇ ನೋಡುತ್ತ ನಿಂತಿದ್ದೆ. ಒದ್ದೆ ಗಾಜ್ ಬಟ್ಟೆ ಒತ್ತಿಕೊಂಡು ಅವರು ಅಲುಗಾಡದೆ ಕಾದರು. ಪಿಆರ್‌ಎಫ್ ಚೆನ್ನಾಗಿ ಬಂತು. ಎರಡು ಪದರ ಹಾಸಿ 3-0 ಸಿಲ್ಕ್ ದಾರದಲ್ಲಿ ಹೊಲಿದೆ.

ಹೊಲಿಗೆ ಬಿಚ್ಚುವ ದಿನ ಅದು ರೇಷ್ಮೆ ಅಂದಾಗ ಅವರು ಅರಳಿದರು. "ಹಂಗಾದ್ರೆ ಆ ಹಾಳೇನೂ ರೇಷ್ಮೇಲೇ ಮಾಡಬಹುದಲ್ವಾ?" ಪ್ರಯೋಗಾಲಯಗಳಲ್ಲಿ ಮಾಡುತ್ತಿದ್ದಾರೆ, ವಾಷಿಂಗ್ ಸೋಡಾ ನೀರಿನಲ್ಲಿ ಗೂಡು ಕುದಿಸಿ ಅಂಟು ತೆಗೆದು, ಉಳಿದ ಫೈಬ್ರಾಯಿನ್ ಅನ್ನೋ ರೇಷ್ಮೆ ಪ್ರೋಟೀನ್ ಕರಗಿಸಿ ಹಾಳೆ ಎರೆಯುತ್ತಾರೆ ಅಂದೆ. ಬಿಸಿನೀರಲ್ಲಿ ಗೂಡಿನ ಅಂಟು ಸಡಿಲಿಸುವುದು ಅವರ ದಿನದ ಕೆಲಸ, ಬಿಡಿಸಿ ಹೇಳಬೇಕಾಗಲಿಲ್ಲ. ಇಷ್ಟು ಗೂಡು ಬೆಳೆಯುವ ಸೀಮೆಯಲ್ಲಿ ನಮ್ಮ ಸ್ಟೋರ್ಸಿನಲ್ಲಿ ಅಂಥದ್ದೊಂದೂ ಇಲ್ಲವಲ್ಲ ಅಂತ ನನಗೆ ನಿಜಕ್ಕೂ ಬೇಸರವಾಯಿತು.

ಪಿಆರ್‌ಎಫ್ ಒಂದೆರಡು ವಾರಕ್ಕಿಂತ ಹೆಚ್ಚು ನಿಲ್ಲದು. ದವಡೆಯ ಹೊರಗೋಡೆಯ ಕಡೆ ಮೂಳೆ ಬೇಕಾದಷ್ಟು ತುಂಬಲಿಲ್ಲ, ಸಪೂರ ಇಂಪ್ಲಾಂಟ್ ಹಾಕಬೇಕಾಯಿತು. ಅದನ್ನೂ ಅವರಿಗೆ ಹೇಳಿದೆ. ಮೊದಲೇ ಕೇಳಿದ್ದರೆ ಮುಂಬೈಯ ಟಾಟಾ ಮೆಮೋರಿಯಲ್ ಟಿಶ್ಯೂ ಬ್ಯಾಂಕಿನಿಂದ ಆಮ್ನಿಯನ್ (ಗರ್ಭದಲ್ಲಿ ಮಗುವನ್ನು ಸುತ್ತಿರುವ ಪೊರೆ) ತರಿಸಬಹುದಿತ್ತು, ಇಲ್ಲವೇ ಸಿಂಥೆಟಿಕ್ ಹಾಳೆ.

ಹಂದಿ, ದನ, ಮನುಷ್ಯ, ಸಿಂಥೆಟಿಕ್, ನಿಮ್ಮದೇ ರಕ್ತ: ಯಾವುದು ಅಂತ ಒಪ್ಪಿಗೆ ಪತ್ರದಲ್ಲಿ ಕನ್ನಡದಲ್ಲೇ ಒಂದು ಸಾಲು ಸೇರಿಸಿ ಅಂತ ಮ್ಯಾನೇಜ್‌ಮೆಂಟಿಗೆ ಬರೆದುಕೊಟ್ಟೆ. ಫಾರಂ ಹೆಡ್ ಆಫೀಸಿನದು, ಇಲ್ಲಿ ತಿದ್ದುವಂತಿಲ್ಲ ಅಂದರು. ಅಲ್ಲಿರುವ ತನಕ ಪ್ರತಿ ಕೇಸ್ ಶೀಟಿನಲ್ಲೂ ಆ ಸಾಲನ್ನು ಪೆನ್ನಿನಲ್ಲಿ ಬರೆದು, ಓದಿ ಹೇಳಿ, ಅದರ ಕೆಳಗೇ ಸಹಿ ಹಾಕಿಸಿದೆ.